ವ್ಯಕ್ತಿತ್ವ ಲಕ್ಷಣಗಳು ಮತ್ತು ರಾಜಕೀಯ ವಿಶ್ವಾಸ

ವ್ಯಕ್ತಿತ್ವ ಲಕ್ಷಣಗಳು ಮತ್ತು ರಾಜಕೀಯ ವಿಶ್ವಾಸ ಇವುಗಳ ನಡುವಣ ಸಂಬಂಧವು ರಾಜಕೀಯ ಮನಃಶಾಸ್ತ್ರದ ಒಂದು ಅಧ್ಯಯನ ವಿಷಯ. ಸಂಸತ್ತು, ಸರ್ಕಾರ, ನ್ಯಾಯಾಲಯ, ಪೊಲೀಸ್, ರಾಜಕೀಯ ಪಕ್ಷ ಮೊದಲಾದ ಸಂಸ್ಥೆಗಳ ಮೇಲೆ ಪ್ರಜೆಗಳು ಇಡುವ ವಿಶ್ವಾಸದಲ್ಲಿ ಅವರ ಸ್ವಭಾವದ ಪಾಲೆಷ್ಟು, ಆ ಸಂಸ್ಥೆಗಳ ನಡವಳಿಕೆಯ ಪಾಲೆಷ್ಟು ಎಂಬುದು ಇದರ ಮೂಲ ಪ್ರಶ್ನೆ. ಅವಿಶ್ವಾಸವು ಸ್ವಭಾವದಿಂದ ಹುಟ್ಟಿದ್ದಾದರೆ ಆಳುವವರು ಅದನ್ನು ಕೆಲವರ ಗೊಣಗಾಟವೆಂದು ತಳ್ಳಿಹಾಕಬಹುದು. ಅನುಭವದಿಂದ ಹುಟ್ಟಿದ್ದಾದರೆ ಅದು ಆಡಳಿತದ ಮೇಲೆ ಪ್ರಜೆಗಳು ನೀಡಿದ ತೀರ್ಪಾಗುತ್ತದೆ. ಸ್ವಭಾವದ ಪಾತ್ರ ಚಿಕ್ಕದು, ಆದರೆ ಅಲ್ಲಗಳೆಯುವಂಥದಲ್ಲ ಎಂಬುದು ಇದುವರೆಗಿನ ಅಧ್ಯಯನಗಳ ಒಟ್ಟು ಸೂಚನೆ.

ಪರಿಕಲ್ಪನೆ

ರಾಜಕೀಯ ವಿಶ್ವಾಸದ ಚರ್ಚೆಗೆ ಚೌಕಟ್ಟು ಒದಗಿಸಿದವರಲ್ಲಿ ರಾಜ್ಯಶಾಸ್ತ್ರಜ್ಞ ಡೇವಿಡ್ ಈಸ್ಟನ್ ಪ್ರಮುಖರು. ಅಧಿಕಾರದಲ್ಲಿರುವವರ ಕೆಲಸವನ್ನು ಮೆಚ್ಚಿ ನೀಡುವ ಬೆಂಬಲವನ್ನು ಅವರು ನಿರ್ದಿಷ್ಟ ಬೆಂಬಲವೆಂದೂ, ವ್ಯವಸ್ಥೆಯ ಮೇಲೆಯೇ ಇರುವ, ಒಂದೆರಡು ವೈಫಲ್ಯಗಳಿಗೆ ಕರಗದ ನಿಷ್ಠೆಯನ್ನು ವ್ಯಾಪಕ ಬೆಂಬಲವೆಂದೂ ಬೇರ್ಪಡಿಸಿದರು. ಮಂತ್ರಿಯನ್ನು ದೂರುವವನು ಸಂವಿಧಾನವನ್ನು ದೂರುತ್ತಿರಬೇಕೆಂದೇನಿಲ್ಲ. ಸ್ವಭಾವದ ಪ್ರಭಾವ ಈ ಎರಡರಲ್ಲಿ ಯಾವುದರ ಮೇಲೆ ಹೆಚ್ಚೆಂಬುದನ್ನು ಸಮೀಕ್ಷೆಯ ಒಂದೇ ಪ್ರಶ್ನೆಯಿಂದ ತಿಳಿಯುವುದು ಕಷ್ಟ.

ಆರಂಭದ ಅಧ್ಯಯನಗಳು

ಎರಡನೆಯ ಮಹಾಯುದ್ಧದ ನಂತರ ಥಿಯೊಡೋರ್ ಅಡೊರ್ನೊ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ‘ದಿ ಅಥಾರಿಟೇರಿಯನ್ ಪರ್ಸನ್ಯಾಲಿಟಿ’ ಗ್ರಂಥವು ವ್ಯಕ್ತಿತ್ವಕ್ಕೂ ರಾಜಕೀಯ ನಿಲುವಿಗೂ ನಂಟು ಕಲ್ಪಿಸಿತು. ಅದರ ವಿಧಾನ ಮುಂದೆ ತೀವ್ರ ಟೀಕೆಗೆ ಒಳಗಾಯಿತು. 1956ರಲ್ಲಿ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳಿದರು. ಮನುಷ್ಯರ ಮೇಲೆ ನಂಬಿಕೆಯಿಲ್ಲದವರು ಸಾರ್ವಜನಿಕ ಅಧಿಕಾರಿಗಳು ಜನರ ಮಾತಿಗೆ ಕಿವಿಗೊಡುತ್ತಾರೆಂದು ನಂಬುವುದೂ ಕಡಿಮೆಯೆಂದು ಅವರ ಅಧ್ಯಯನ ತೋರಿಸಿತು. ಮನಃಶಾಸ್ತ್ರಜ್ಞ ಜೂಲಿಯನ್ ರಾಟರ್ 1967ರಲ್ಲಿ ಪರಸ್ಪರ ವಿಶ್ವಾಸದ ಮಾಪಕವನ್ನು ರೂಪಿಸಿದರು. ಹೆಚ್ಚು ನಂಬುವವರು ಹೆಚ್ಚು ಮೋಸಹೋಗುವವರಲ್ಲ ಎಂಬ ಅವರ ನಂತರದ ವಾದವು, ನಂಬುವವರನ್ನೆಲ್ಲ ಮುಗ್ಧರೆಂದು ಭಾವಿಸುವ ರೂಢಿಗೆ ಒಳ್ಳೆಯ ಉತ್ತರ.

ಪಂಚಗುಣ ಮಾದರಿ ಮತ್ತು ವಿಶ್ವಾಸ

ಇಂದಿನ ಹೆಚ್ಚಿನ ಅಧ್ಯಯನಗಳು ‘ಬಿಗ್ ಫೈವ್’ ಎಂದು ಹೆಸರಾದ ಪಂಚಗುಣ ಮಾದರಿಯನ್ನು ಆಧರಿಸುತ್ತವೆ. ಹೊಸತಿಗೆ ತೆರೆದುಕೊಳ್ಳುವ ಗುಣ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಉದ್ವೇಗಶೀಲತೆ ಇವೇ ಆ ಐದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ಗುಣಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದ ಗಣನೀಯ ಭಾಗ ಆನುವಂಶಿಕ. ವಯಸ್ಕರಲ್ಲಿ ಅವು ನಿಧಾನವಾಗಿ ಮಾತ್ರ ಬದಲಾಗುತ್ತವೆ. ರಾಜಕೀಯ ನಡವಳಿಕೆಗೆ ಈ ಮಾದರಿಯನ್ನು ವ್ಯವಸ್ಥಿತವಾಗಿ ಅನ್ವಯಿಸಿದ ಕೃತಿಗಳಲ್ಲಿ ಜೆಫ್ರಿ ಮೊಂಡಾಕ್ ಅವರ 2010ರ ಗ್ರಂಥ ಮುಖ್ಯವಾದುದು.

ಐದರಲ್ಲಿ ರಾಜಕೀಯ ವಿಶ್ವಾಸದೊಂದಿಗೆ ಹೆಚ್ಚು ಸ್ಥಿರವಾದ ಸಂಬಂಧ ತೋರುವುದು ಸೌಹಾರ್ದ. ಇತರರ ಉದ್ದೇಶವನ್ನು ಒಳ್ಳೆಯದೆಂದು ಊಹಿಸುವವರು ಅದೇ ಊಹೆಯನ್ನು ಸಂಸ್ಥೆಗಳಿಗೂ ವಿಸ್ತರಿಸುತ್ತಾರೆ ಎಂಬುದು ಇದಕ್ಕೆ ನೀಡುವ ವಿವರಣೆ. ಉದ್ವೇಗಶೀಲತೆ ಹೆಚ್ಚಿರುವವರಲ್ಲಿ ವಿಶ್ವಾಸ ಕಡಿಮೆಯಿರುವುದು ಅನೇಕ ಕಡೆ ಕಂಡುಬಂದಿದೆ; ಅಪಾಯದ ಸುಳಿವನ್ನು ಬೇಗ ಗುರುತಿಸುವ ಮನಸ್ಸು ಆಡಳಿತದ ಲೋಪವನ್ನೂ ಬೇಗ ಗುರುತಿಸುತ್ತದೆ. ಉಳಿದ ಮೂರು ಗುಣಗಳ ವಿಷಯದಲ್ಲಿ ಫಲಿತಾಂಶಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಹೊಸತಿಗೆ ತೆರೆದುಕೊಳ್ಳುವವರು ಸಹಮಾನವರನ್ನು ನಂಬುತ್ತಲೇ ಅಧಿಕಾರವನ್ನು ಪ್ರಶ್ನಿಸಬಲ್ಲರು. ಆದ್ದರಿಂದ ಒಂದೇ ಗುಣ ಎರಡು ದಿಕ್ಕಿಗೆ ಎಳೆಯುತ್ತದೆ.

ಗುಣವು ಒಂಟಿಯಾಗಿ ಕೆಲಸ ಮಾಡುವುದಿಲ್ಲವೆಂದು ಮೊಂಡಾಕ್ ಮೊದಲಾದವರು ಒತ್ತಿಹೇಳುತ್ತಾರೆ. ಕಚೇರಿಯ ಒಂದೇ ವಿಳಂಬವನ್ನು ಒಬ್ಬರು ಕೆಲಸದ ಒತ್ತಡವೆಂದು ಓದಿಕೊಂಡರೆ ಇನ್ನೊಬ್ಬರು ಲಂಚದ ಹೊಂಚೆಂದು ಓದಿಕೊಳ್ಳುತ್ತಾರೆ. ಸನ್ನಿವೇಶ ಬದಲಾದರೆ ಗುಣದ ಪರಿಣಾಮವೂ ಬದಲಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ನೇರ ಪ್ರಜಾಪ್ರಭುತ್ವ ಮತ್ತು ಸಾಂಸ್ಥಿಕ ವಿಶ್ವಾಸದ ಸಂಬಂಧವು ಎಲ್ಲ ಸ್ವಭಾವದವರಲ್ಲೂ ಒಂದೇ ಬಗೆಯದೇ ಎಂದು ಮಾರ್ಕುಸ್ ಫ್ರೈಟಾಗ್ ಮತ್ತು ಕಾಥ್ರಿನ್ ಆಕರ್‌ಮನ್ ಪರಿಶೀಲಿಸಿದ್ದು ಈ ದಿಕ್ಕಿನ ಕೆಲಸ.

ಅಮೆರಿಕದ ಸಮೀಕ್ಷೆಗಳ ಸಾಕ್ಷ್ಯ

ಸ್ವಭಾವದ ವಿವರಣೆಯ ಮಿತಿಯನ್ನು ಅಮೆರಿಕದ ದೀರ್ಘಕಾಲದ ಅಂಕಿಅಂಶಗಳು ಸ್ಪಷ್ಟವಾಗಿ ತೋರಿಸುತ್ತವೆ. ವಾಷಿಂಗ್ಟನ್ನಿನ ಸರ್ಕಾರ ಸರಿಯಾದುದನ್ನೇ ಮಾಡುತ್ತದೆಂದು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ಅಲ್ಲಿನ ರಾಷ್ಟ್ರೀಯ ಚುನಾವಣಾ ಅಧ್ಯಯನವು 1958ರಿಂದ ಕೇಳುತ್ತ ಬಂದಿದೆ. 1958ರಲ್ಲಿಯೂ 1964ರಲ್ಲಿಯೂ ಸುಮಾರು ಮುಕ್ಕಾಲು ಪಾಲು ಜನ ‘ಯಾವಾಗಲೂ’ ಅಥವಾ ‘ಬಹುಪಾಲು’ ನಂಬಬಹುದೆಂದರು. ವಿಯೆಟ್ನಾಂ ಯುದ್ಧ ಮತ್ತು ವಾಟರ್‌ಗೇಟ್ ಹಗರಣದ ತರುವಾಯ, ಅಧ್ಯಕ್ಷ ರಿಚರ್ಡ್ ನಿಕ್ಸನ್ ರಾಜೀನಾಮೆ ನೀಡಿದ 1974ರಲ್ಲಿ, ಹಾಗೆನ್ನುವವರು ಸುಮಾರು ಮೂರನೇ ಒಂದು ಪಾಲಿಗೆ ಇಳಿದಿದ್ದರು. ಹತ್ತು ವರ್ಷಗಳಲ್ಲಿ ಒಂದು ಇಡೀ ದೇಶದ ಹುಟ್ಟುಗುಣ ಬದಲಾಗುವುದಿಲ್ಲ. ಬದಲಾದದ್ದು ಸರ್ಕಾರದ ನಡೆ ಮತ್ತು ಅದರ ಬಗ್ಗೆ ಜನರಿಗೆ ತಿಳಿದ ಸಂಗತಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಶ್ವಾಸ ಕೆಲಕಾಲ ಏರಿ ಮತ್ತೆ ಇಳಿಯಿತು. ಅಧ್ಯಕ್ಷರ ಪಕ್ಷ ಬದಲಾದಾಗ ಎರಡೂ ಪಕ್ಷಗಳ ಬೆಂಬಲಿಗರ ವಿಶ್ವಾಸ ಅದಲುಬದಲಾಗುವುದೂ ಇಂಥದೇ ಸಾಕ್ಷ್ಯ.

ಈ ಕುಸಿತದ ಅರ್ಥವೇನೆಂಬುದರ ಮೇಲೆ ಆರ್ಥರ್ ಮಿಲ್ಲರ್ ಮತ್ತು ಜ್ಯಾಕ್ ಸಿಟ್ರಿನ್ ನಡುವೆ 1974ರಲ್ಲಿ ನಡೆದ ವಾದ ಪ್ರಸಿದ್ಧ. ಮಿಲ್ಲರ್ ಅದನ್ನು ನೀತಿಗಳ ಬಗೆಗಿನ ಆಳವಾದ ಅಸಮಾಧಾನವೆಂದರು. ಸಿಟ್ರಿನ್ ಅಧಿಕಾರದಲ್ಲಿರುವವರ ಮೇಲಿನ ಬೇಸರವೆಂದೂ, ಭಾಗಶಃ ಬಾಯಿಮಾತಿನ ದೂಷಣೆಯೆಂದೂ ನೋಡಿದರು. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಪೂರ್ವ ಯುರೋಪಿನ ದೇಶಗಳನ್ನು ಪರಿಶೀಲಿಸಿದ ವಿಲಿಯಂ ಮಿಷ್ಲರ್ ಮತ್ತು ರಿಚರ್ಡ್ ರೋಸ್ 2001ರಲ್ಲಿ, ವಿಶ್ವಾಸದ ಮೂಲವು ಬಾಲ್ಯದಿಂದ ಬಂದ ಸಂಸ್ಕೃತಿಗಿಂತ ಸಂಸ್ಥೆಗಳ ಕಾರ್ಯಸಾಧನೆಯಲ್ಲೇ ಹೆಚ್ಚಾಗಿದೆಯೆಂಬ ತೀರ್ಮಾನಕ್ಕೆ ಬಂದರು.

ಹಾಗಾದರೆ ಸ್ವಭಾವ ವಿವರಿಸುವುದೇನನ್ನು? ಒಂದೇ ಕಾಲದಲ್ಲಿ, ಒಂದೇ ಸರ್ಕಾರದ ಕೆಳಗೆ ಇರುವ ಇಬ್ಬರ ನಡುವಿನ ವ್ಯತ್ಯಾಸದ ಒಂದು ಭಾಗವನ್ನು. ಒಟ್ಟು ಮಟ್ಟದ ಏರಿಳಿತವನ್ನಲ್ಲ. ಈ ಎರಡನ್ನು ಬೆರೆಸಿದಾಗಲೇ ಅವಿಶ್ವಾಸವನ್ನು ರೋಗಲಕ್ಷಣದಂತೆ ಕಾಣುವ ತಪ್ಪು ನಡೆಯುತ್ತದೆ.

ಮಾಪನದ ತೊಡಕುಗಳು

ಮೊದಲ ತೊಡಕು ಸುತ್ತುವಾದದ್ದು. ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ರೂಪಿಸಿದ ವಿಸ್ತೃತ ಪ್ರಶ್ನಾವಳಿಯಲ್ಲಿ ಸೌಹಾರ್ದದ ಆರು ಉಪಗುಣಗಳಲ್ಲಿ ವಿಶ್ವಾಸವೇ ಒಂದು. ವಿಶ್ವಾಸವನ್ನು ಒಳಗೊಂಡ ಗುಣದಿಂದ ವಿಶ್ವಾಸವನ್ನು ವಿವರಿಸಿದರೆ ಸಂಬಂಧ ಕಾಣಿಸುವುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯದು ಪ್ರಶ್ನೆಗಳ ಸಂಖ್ಯೆ. ರಾಜಕೀಯ ಸಮೀಕ್ಷೆಗಳಲ್ಲಿ ಸಮಯ ಕಡಿಮೆಯಿರುವುದರಿಂದ 2003ರಲ್ಲಿ ಪ್ರಕಟವಾದ ಹತ್ತೇ ಅಂಶಗಳ ಕಿರು ಮಾಪಕವನ್ನು ಅನೇಕರು ಬಳಸುತ್ತಾರೆ; ಒಂದು ಗುಣಕ್ಕೆ ಎರಡೇ ಪ್ರಶ್ನೆ.

ಮೂರನೆಯದು ಭಾಷೆಗೆ ಸಂಬಂಧಿಸಿದ್ದು. ಪಂಚಗುಣ ಮಾದರಿಯ ಬೇರು ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟಿನಿಂದ ಹೆಕ್ಕಿದ ಸುಮಾರು 18,000 ಪದಗಳಲ್ಲಿದೆ. ಬೊಲಿವಿಯಾದ ಚಿಮಾನೆ ಸಮುದಾಯದಲ್ಲಿ ಈ ಐದು ಗುಣಗಳು ಬೇರೆಬೇರೆಯಾಗಿ ಮೂಡಲಿಲ್ಲವೆಂದು 2013ರ ಅಧ್ಯಯನ ವರದಿ ಮಾಡಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳ ದತ್ತಾಂಶವನ್ನು ಒಟ್ಟುಗೂಡಿಸಿದ 2019ರ ಇನ್ನೊಂದು ಅಧ್ಯಯನವು, ಮನೆಗೆ ಬಂದು ಕೇಳುವವರಿಗೆ ಹೌದೆನ್ನುವ ಪ್ರವೃತ್ತಿಯು ಉತ್ತರಗಳನ್ನು ಕೆಡಿಸುವುದನ್ನು ಗುರುತಿಸಿತು. ಕನ್ನಡದ ‘ದಾಕ್ಷಿಣ್ಯ’ವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ, ಆ ಪದಕ್ಕೆ ಐದು ಗುಣಗಳ ಪಟ್ಟಿಯಲ್ಲಿ ಒಪ್ಪುವ ಸ್ಥಾನವೂ ಇಲ್ಲ.

ಭಾರತ

ಭಾರತದಲ್ಲಿ ಸಂಸ್ಥೆಗಳ ಮೇಲಿನ ವಿಶ್ವಾಸದ ಕುರಿತ ಸಮೀಕ್ಷೆಗಳನ್ನು ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಲೋಕನೀತಿ ವಿಭಾಗ ನಡೆಸುತ್ತ ಬಂದಿದೆ. ಸೇನೆ ಮತ್ತು ನ್ಯಾಯಾಲಯಗಳು ಮೇಲಿನ ಸ್ಥಾನದಲ್ಲೂ ಪೊಲೀಸ್ ಮತ್ತು ರಾಜಕೀಯ ಪಕ್ಷಗಳು ಕೆಳಗಿನ ಸ್ಥಾನದಲ್ಲೂ ಇರುವುದು ಇವುಗಳಲ್ಲಿ ಮರುಕಳಿಸುವ ಚಿತ್ರ. ಉತ್ತರಿಸುವವರು ಅದೇ ಜನ, ಅದೇ ಸ್ವಭಾವದವರು. ಆದರೂ ಸಂಸ್ಥೆಯಿಂದ ಸಂಸ್ಥೆಗೆ ಅವರ ಅಳತೆ ಬೇರೆಯಾಗುತ್ತದೆ.

ಅವಿಶ್ವಾಸದ ಮೌಲ್ಯಮಾಪನ

ವಿಶ್ವಾಸ ಕುಸಿದಲ್ಲಿ ಜನ ಸ್ವಇಚ್ಛೆಯಿಂದ ಕಾನೂನು ಪಾಲಿಸುವುದು ಕಡಿಮೆಯಾಗುತ್ತದೆ. ಟಾಮ್ ಟೈಲರ್ ಷಿಕಾಗೊ ನಗರದ ನಿವಾಸಿಗಳನ್ನು ಅಧ್ಯಯನ ಮಾಡಿ ಬರೆದ 1990ರ ಗ್ರಂಥದ ಪ್ರಕಾರ, ಪ್ರಕರಣದಲ್ಲಿ ಗೆಲ್ಲುವುದು ಸೋಲುವುದಕ್ಕಿಂತ ಪೊಲೀಸರೂ ನ್ಯಾಯಾಲಯಗಳೂ ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡವೇ ಎಂಬುದೇ ಜನರಿಗೆ ಹೆಚ್ಚು ಮುಖ್ಯ. ಆದರೆ ಹೆಚ್ಚಿನ ವಿಶ್ವಾಸವೆಲ್ಲವೂ ಒಳ್ಳೆಯದೆಂದು ಎಲ್ಲರೂ ಒಪ್ಪುವುದಿಲ್ಲ. ಪಿಪ್ಪಾ ನಾರಿಸ್ 2022ರ ತಮ್ಮ ಗ್ರಂಥದಲ್ಲಿ, ಅರ್ಹವಲ್ಲದ ಸಂಸ್ಥೆಯನ್ನು ಕಣ್ಣುಮುಚ್ಚಿ ನಂಬುವುದೂ ಅರ್ಹ ಸಂಸ್ಥೆಯನ್ನು ನಿರಾಧಾರವಾಗಿ ಶಂಕಿಸುವುದೂ ಸಮಾನ ದೋಷಗಳೆಂದು ವಾದಿಸಿ, ಪರಿಶೀಲಿಸಿ ನಂಬುವ ಸಂದೇಹಶೀಲತೆಯನ್ನು ಸಮರ್ಥಿಸಿದ್ದಾರೆ.