ತೇರುಬೀದಿಯ ಆಟಿಕೆ ವ್ಯಾಪಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಆಟಿಕೆಯನ್ನಷ್ಟೇ ಮಾರುವ ಅಂಗಡಿ ಈಚಿನದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಈ ಸೀಮೆಯಲ್ಲಿ ಮಕ್ಕಳಿಗೂ ಆಟಿಕೆ ವ್ಯಾಪಾರಿಗೂ ನಡುವಣ ನಡವಳಿಕೆ ರೂಪುಗೊಂಡದ್ದು ಜಾತ್ರೆಗಳಲ್ಲಿ: ನಂದಿಯ ಭೋಗನಂದೀಶ್ವರನ ಶಿವರಾತ್ರಿ ತೇರು, ವಿದುರಾಶ್ವತ್ಥದ ಚೈತ್ರದ ತೇರು, ಕೈವಾರದ ಅಮರನಾರಾಯಣಸ್ವಾಮಿಯ ತೇರು, ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ವೆಂಕಟರಮಣಸ್ವಾಮಿಯ ಜಾತ್ರೆ. ಕಡ್ಲೆಪುರಿ, ಬತ್ತಾಸು, ಬಳೆಗಳ ಸಾಲಿನಲ್ಲೇ ಪೀಪಿ, ಗಿಲಕಿ, ಬುಗುರಿಗಳಿಗೂ ಜಾಗವಿತ್ತು. ಉಳಿದ ದಿನಗಳಲ್ಲಿ ಮಗುವಿನ ಆಟ ಮನೆಯ ಹುಣಿಸೆಬೀಜ, ತೆಂಗಿನ ಚಿಪ್ಪು, ಜೇಡಿಮಣ್ಣಿನಲ್ಲೇ ನಡೆಯುತ್ತಿತ್ತು.

ಇವುಗಳಲ್ಲಿ ವಿದುರಾಶ್ವತ್ಥದ ಸ್ಥಿತಿ ವಿಶೇಷವಾದುದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ನಡೆದ ಗೋಲಿಬಾರಿನಿಂದ ಈ ಊರು ಚರಿತ್ರೆಯ ಪುಸ್ತಕಗಳಲ್ಲಿ ಸೇರಿದೆಯಾದರೂ, ಅದಕ್ಕೆ ಮೊದಲೂ ಆಮೇಲೂ ಇಲ್ಲಿಗೆ ಬರುವ ಕುಟುಂಬಗಳ ಮುಖ್ಯ ಕಾರಣ ಸಂತಾನದ ಹರಕೆಯೇ. ಮಗುವಿಗಾಗಿ ಬೇಡಿಕೊಂಡ ದಂಪತಿಗಳು ಅಶ್ವತ್ಥದ ಬಳಿ ನಾಗರಕಲ್ಲು, ಅಂದರೆ ಹಾವಿನ ರೂಪ ಕೆತ್ತಿದ ಶಿಲೆಯನ್ನು ಪ್ರತಿಷ್ಠಾಪಿಸುವುದು ಇಲ್ಲಿನ ವಾಡಿಕೆ. ಹೀಗಾಗಿ ಹರಕೆ ತೀರಿಸಲು ಬಂದವರ ಕಂಕುಳಲ್ಲಿರುವ ಮಗು ವರ್ಷಗಳ ಕಾಲ ಕಾದು ಪಡೆದದ್ದಾಗಿರುತ್ತದೆ; ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರೆಲ್ಲ ಜೊತೆಗಿರುವ ಇಂಥ ಗುಂಪಿನಲ್ಲಿ ಒಬ್ಬರು ಬೇಡವೆಂದರೆ ಇನ್ನೊಬ್ಬರು ಕಾಸು ಬಿಚ್ಚುತ್ತಾರೆಂಬ ಲೆಕ್ಕ ಆಟಿಕೆ ಮಾರುವವನಿಗೆ ತಿಳಿಯದ್ದೇನಲ್ಲ.

ಜಾತ್ರೆಯ ವ್ಯಾಪಾರಿ ಸರಕನ್ನು ನೆಲದ ಮೇಲಿನ ಗೋಣಿತಾಟು ಅಥವಾ ಟಾರ್ಪಾಲಿನ ಮೇಲೆ ಹರಡುವುದರಿಂದ ಅದು ನಿಂತ ದೊಡ್ಡವರಿಗಿಂತ ಮೊದಲು ಮಗುವಿನ ಕಣ್ಣಿಗೆ, ಕೈಗೆ ಎಟುಕುತ್ತದೆ. ಅವನು ತಾನೇ ಪೀಪಿ ಊದಿ, ಗಿಲಕಿ ಆಡಿಸಿ, ಬುಗುರಿ ತಿರುಗಿಸಿ ತೋರಿಸುತ್ತಾನೆ. 1760ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ 2019ರಲ್ಲಿ ರಿಲಯನ್ಸ್ ಕೊಂಡುಕೊಂಡ ಹ್ಯಾಮ್ಲೀಸ್ ಮಳಿಗೆ ಆಟವಾಡಿ ತೋರಿಸುವ ಸಿಬ್ಬಂದಿಯಿಂದಲೇ ಹೆಸರಾಯಿತು. ತೇರುಬೀದಿಯಲ್ಲಿ ಅದೇ ಕೆಲಸಕ್ಕೆ ಸಂಬಳವೂ ಇರಲಿಲ್ಲ, ಸಮವಸ್ತ್ರವೂ ಇರಲಿಲ್ಲ. ಆಟಿಕೆ ಮಗುವಿನ ಕೈಸೇರಿದ ಮೇಲೆ ಮಾತು ದೊಡ್ಡವರ ಕಡೆಗೆ, ಗಿರಾಕಿಗೆ ತಕ್ಕಂತೆ ಕನ್ನಡಕ್ಕೋ ತೆಲುಗಿಗೋ ಉರ್ದುವಿಗೋ ಹೊರಳುತ್ತಿತ್ತು. ಚೌಕಾಸಿಯಲ್ಲಿ ಎರಡು ಹಳೆಯ ಪದ್ಧತಿಗಳು ಕೊಳ್ಳುವವರ ನೆರವಿಗೆ ಬರುತ್ತಿದ್ದವು. ದಿನದ ಮೊದಲ ಮಾರಾಟವಾದ ಬೋಣಿಯನ್ನು ಕೈಬಿಡಲು ವ್ಯಾಪಾರಿ ಒಪ್ಪುವುದಿಲ್ಲ. ಕೊಂಡದ್ದರ ಮೇಲೆ ಉಚಿತವಾಗಿ ಕೊಡುವ ಕೊಸರನ್ನು ಕೇಳುವ ಹಕ್ಕು ಗಿರಾಕಿಗೆ ಉಂಟು. ದಿನಸಿ ಅಂಗಡಿಗೆ ಕಳಿಸಿದ ಮಗುವಿನ ಕೈಗೆ ಚೂರು ಬೆಲ್ಲವೋ ಹಿಡಿ ಕಡಲೆಯೋ ಕೊಸರಾಗಿ ಬೀಳುತ್ತಿದ್ದುದು ಈ ಪದ್ಧತಿಯಿಂದಲೇ. ಇದನ್ನೆಲ್ಲ ಬರೀ ಮಮತೆಯೆಂದು ಬಣ್ಣಿಸುವುದು ಸರಿಯಲ್ಲ: ಮಗು ಒಮ್ಮೆ ಹಿಡಿದ ವಸ್ತುವನ್ನು ಅಪ್ಪ ಕಿತ್ತು ಹಿಂದಿರುಗಿಸುವುದು ಕಷ್ಟ, ವ್ಯಾಪಾರದ ಗುಟ್ಟು ಅಲ್ಲೇ ಇದೆ. ಆದರೂ ಮಗುವನ್ನೇ ಗಿರಾಕಿಯೆಂದು ಎಣಿಸಿ ಮಾತಾಡಿಸಿದ್ದು ಆ ವ್ಯಾಪಾರವೇ.

ಪೇಟೆಗಳಲ್ಲಿ ಆಟಿಕೆ ಒಂದೆಡೆ ನೆಲೆಯಾದದ್ದು ಬಳೆ, ರಿಬ್ಬನ್, ಪೌಡರುಗಳನ್ನು ಮಾರುವ ಫ್ಯಾನ್ಸಿ ಸ್ಟೋರುಗಳಲ್ಲಿ. ಅಲ್ಲಿ ಸರಕು ಗಾಜಿನ ಬೀರುವಿಗೆ, ಎತ್ತರದ ಅಟ್ಟಣಿಗೆಗೆ ಏರಿತು. ನಡುವೆ ಗಲ್ಲಾಪೆಟ್ಟಿಗೆ ಬಂದು, ಮುಟ್ಟುವುದಕ್ಕೆ ಅಪ್ಪಣೆ ಬೇಕಾಯಿತು, ಮಾತು ಪೂರ್ತಿಯಾಗಿ ದೊಡ್ಡವರದಾಯಿತು. ಶಿಡ್ಲಘಟ್ಟದಲ್ಲಿ ಈ ಬದಲಾವಣೆಯ ಹಿಂದೆ ರೇಷ್ಮೆಯ ಹಣವನ್ನು ಕಾಣಬಹುದು: ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿದ ರೈತನ ಕೈಯಲ್ಲಿ ಜಾತ್ರೆಯ ದಿನವೇ ಅಲ್ಲದೆ ವರ್ಷದಲ್ಲಿ ಹಲವು ಬಾರಿ ನಗದು ಓಡಾಡುತ್ತಿತ್ತು. ಅದೇ ಉದ್ಯಮದ ನೂಲು ಬಿಚ್ಚುವ ಘಟಕಗಳಲ್ಲಿ ಮಕ್ಕಳೂ ದುಡಿಯುತ್ತಿದ್ದರೆಂಬುದನ್ನು, ಅಪಾಯಕಾರಿ ಕಸುಬುಗಳಲ್ಲಿ ಅದನ್ನು ನಿಷೇಧಿಸುವ ಕಾಯಿದೆ 1986ರಷ್ಟು ತಡವಾಗಿ ಬಂದಿತೆಂಬುದನ್ನು ಇಲ್ಲಿ ಮರೆಯಬಾರದು. ಆಟಿಕೆಯ ಇತಿಹಾಸ ಕೊಂಡವರ ಮಕ್ಕಳದಷ್ಟೇ ಅಲ್ಲ.

ಸರಕು ಕೂಡ ಬದಲಾಯಿತು. ಚನ್ನಪಟ್ಟಣದಲ್ಲಿ ಹಾಲೆಮರವನ್ನು ತಿರುಗಣೆಯಲ್ಲಿ ಕಡೆದು, ಅರಗಿಗೆ ಬಣ್ಣ ಬೆರೆಸಿ, ತಿರುಗುವ ಕಾವಿನಲ್ಲೇ ಲೇಪಿಸಿದ ಗಿಲಕಿಯ ಜಾಗವನ್ನು ಅಗ್ಗದ ಪ್ಲಾಸ್ಟಿಕ್ ಆಕ್ರಮಿಸಿತು. ಮಗು ಬಾಯಿಗಿಟ್ಟುಕೊಳ್ಳುವ ವಸ್ತುವಿನ ಹೊಣೆ ಯಾರದೆಂಬ ಪ್ರಶ್ನೆಗೆ ಕಾನೂನು ಖಚಿತ ಉತ್ತರ ಕೊಟ್ಟದ್ದು ಇತ್ತೀಚೆಗೆ. ಕೇಂದ್ರ ಸರ್ಕಾರದ 2020ರ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಾಗಿ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ಗುರುತಿಲ್ಲದ್ದನ್ನು ತಯಾರಿಸುವುದಷ್ಟೇ ಅಲ್ಲ, ಮಾರುವುದೂ ಅಪರಾಧವೆನಿಸಿತು. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಚನ್ನಪಟ್ಟಣದಂತೆ ಭೌಗೋಳಿಕ ಸೂಚಿ ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ಇದರಿಂದ ವಿನಾಯಿತಿ ಉಂಟು. ತೇರುಬೀದಿಯ ಪ್ಲಾಸ್ಟಿಕ್ ಪೀಪಿಗೆ ಅಂಥ ವಿನಾಯಿತಿಯಿಲ್ಲ.