ಪತಿತರ ಎರಡು ಪತ್ರಗಳು

ಕ್ರಿ. ಶ. 249ರಲ್ಲಿ ರೋಮಿನ ಸಿಂಹಾಸನವನ್ನೇರಿದ ಡೇಸಿಯಸ್ ಚಕ್ರವರ್ತಿಯು, ಸಾಮ್ರಾಜ್ಯದ ಕ್ಷೇಮಾರ್ಥವಾಗಿ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯನ್ನರ್ಪಿಸಿ, ಅದರ ಶೇಷವನ್ನು ಸೇವಿಸಿ, ಹಾಗೆ ಮಾಡಿದುದಕ್ಕೆ ಅಧಿಕಾರಿಗಳಿಂದ ಪತ್ರವನ್ನು ಪಡೆಯತಕ್ಕುದೆಂದು ಆಜ್ಞಾಪಿಸಿದನು. ಈಜಿಪ್ಟಿನ ಒಣ ಮರಳು ಕಾಪಾಡಿ ಕೊಟ್ಟಿರುವ ಅಂತಹ 40ಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಬಹುಮಟ್ಟಿಗೆ ಒಂದೇ ಒಕ್ಕಣೆಯ ಆ ಪಪೈರಸ್ ತುಂಡುಗಳಲ್ಲೊಂದು ಮೊಸಳೆದೇವನ ಪೂಜಾರಿಣಿಯದೆಂಬುದನ್ನು ಕಂಡಾಗ, ರಾಜಾಜ್ಞೆಯು ಕ್ರೈಸ್ತರಿಗೆ ಮಾತ್ರವೇ ಆಗಿರಲಿಲ್ಲವೆಂದು ತಿಳಿಯುತ್ತದೆ. ಆದರೆ ಆಕೆಗೆ ಬರಿಯ ಕಾಗದವಾಗಿದ್ದುದು ಕ್ರೈಸ್ತನಿಗೆ ತನ್ನ ಪ್ರಭುವನ್ನು ಅಲ್ಲಗಳೆದ ಬರೆಹವಾಯಿತು.

ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಆಗ ಧರ್ಮಾಧ್ಯಕ್ಷನಾಗಿದ್ದ ಸಿಪ್ರಿಯನ್ನನು ಬರೆದಿಟ್ಟ ವೃತ್ತಾಂತವನ್ನೋದುವಾಗ ಮನಸ್ಸು ಕುಗ್ಗುತ್ತದೆ. ಯಾರೂ ಹಿಡಿದೊಯ್ಯುವ ಮೊದಲೇ ಜನ ತಾವಾಗಿ ಓಡಿದರು. ಬಲಿಯನ್ನು ತಾವೇ ಒಯ್ದರು. ಹೊತ್ತು ಮುಳುಗಿತು, ನಾಳೆ ಬನ್ನಿರೆಂದ ಅಧಿಕಾರಿಗಳನ್ನು ಇಂದೇ ಮುಗಿಸಿಕೊಡಿರೆಂದು ಬೇಡಿಕೊಂಡರು. ಏನೂ ಅರಿಯದ ಕೂಸುಗಳನ್ನೂ ಎತ್ತಿಕೊಂಡು ಹೋದರು. ಹಣ ತೆತ್ತು, ಬಲಿಯಿಡದೆಯೇ ಪತ್ರವನ್ನು ಮಾತ್ರ ಪಡೆದವರೂ ಇದ್ದರು. ಸಿಪ್ರಿಯನ್ನನಾದರೋ ತಲೆಮರೆಸಿಕೊಂಡು, ಓಲೆಗಳ ಮೂಲಕ ತನ್ನ ಜನವನ್ನು ನಡೆಸುತ್ತಿದ್ದನು.

ಬಿರುಗಾಳಿ ತುಸು ಅಡಗುತ್ತಲೇ ಈ ಪತಿತರು ಅಳುತ್ತ ಹಿಂದಿರುಗಿದರು. ಮತ್ತು ಅವರ ಕೈಯಲ್ಲಿ ಇನ್ನೊಂದು ಪತ್ರವಿದ್ದಿತು. ಶ್ರದ್ಧೆಗಾಗಿ ಸೆರೆಮನೆಯಲ್ಲಿ ಯಾತನೆಪಟ್ಟವರು, ಇಂತಹವನನ್ನು ಮರಳಿ ಸೇರಿಸಿಕೊಳ್ಳಿರೆಂದು ಬರೆದುಕೊಟ್ಟ ಶಾಂತಿಪತ್ರವದು. ಅಲ್ಲಗಳೆದುದಕ್ಕೂ ಒಂದು ಪತ್ರ, ಅಂಗೀಕಾರಕ್ಕೂ ಒಂದು ಪತ್ರ. ಲ್ಯಾಟಿನಿನಲ್ಲಿ ಎರಡಕ್ಕೂ ಒಂದೇ ಹೆಸರು. ಬೀಳದೆ ನಿಂತವರೇ ಬಿದ್ದವರಿಗಾಗಿ ಬೇಡಿಕೊಂಡರೆಂಬ ಈ ಸಂಗತಿಯೇ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಪೂಜ್ಯವಾಗಿ ತೋರುತ್ತದೆ. 'ಇವನನ್ನೂ ಇವನವರನ್ನೂ' ಎಂಬಂತೆ ಹೆಸರಿಲ್ಲದ ಗುಂಪುಗಳಿಗೂ ಪತ್ರಗಳು ಹೊರಟಾಗ ಸಿಪ್ರಿಯನ್ನನು ತಡೆದುದೂ ನ್ಯಾಯವೇ. ಕಣ್ಣೀರಿಗೆ ಅವಕಾಶವಿಲ್ಲದ ಕ್ಷಮೆಯು ಗಾಯವನ್ನು ತೊಳೆಯದೆ ಮುಚ್ಚಿಬಿಡುವುದೆಂದು ಅವನು ಅಂಜಿದನು.

251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರು, ಪತ್ರವನ್ನಷ್ಟೇ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕೆಂದೂ, ಬಲಿಯಿಟ್ಟವರು ದೀರ್ಘಪ್ರಾಯಶ್ಚಿತ್ತದಲ್ಲಿದ್ದು ಮರಣಶಯ್ಯೆಯಲ್ಲಾದರೂ ಪ್ರಸಾದವನ್ನು ಪಡೆಯಬಹುದೆಂದೂ ಗೊತ್ತುಮಾಡಿದರು. ರೋಮಿನಲ್ಲಿ ನೊವೇಶಿಯನ್ನನೆಂಬ ಗುರುವು ಇದನ್ನೊಪ್ಪದೆ ಬೇರೆಯಾದನು. ಅವನನ್ನು ಕ್ರೂರಿಯೆನ್ನಲಾಗದು, ದೇವರ ಕರುಣೆಯನ್ನು ಅವನು ಅಲ್ಲಗಳೆಯಲಿಲ್ಲ, ಅದನ್ನು ವಿತರಿಸುವ ಅಧಿಕಾರ ಕ್ರೈಸ್ತಸಭೆಗಿಲ್ಲವೆಂದನು. ಆದರೆ ಕೋಳಿ ಕೂಗುವ ಮುನ್ನ ಮೂರು ಬಾರಿ ಪ್ರಭುವನ್ನರಿಯೆನೆಂದ ಪೇತ್ರನಿಗೇ ಮಂದೆಯು ಒಪ್ಪಿಸಲ್ಪಟ್ಟಿತೆಂಬುದು ಪೇತ್ರನದೇ ಎನಿಸಿದ ರೋಮ್ ನಗರದಲ್ಲಿ ಹೇಗೆ ಮರೆತುಹೋಗಬೇಕು? ಮನುಷ್ಯನು ಮಾತಿಗೆ ತಪ್ಪಿದರೂ ದೇವರು ತಪ್ಪನೆಂಬುದೇ ಕ್ರೈಸ್ತರ ನಂಬುಗೆ.

ಒಂದೆರಡು ವರ್ಷಗಳಲ್ಲಿ ಮತ್ತೆ ಹಿಂಸೆಯ ಸೂಚನೆಗಳು ಕಂಡವು. ಆಗ ಸಿಪ್ರಿಯನ್ನನೂ ಅವನ ಸಹೋದ್ಯೋಗಿಗಳೂ, ಪ್ರಾಯಶ್ಚಿತ್ತದಲ್ಲಿ ನಿರತರಾದ ಎಲ್ಲರಿಗೂ ಬಾಗಿಲನ್ನು ತೆರೆದರು: ಪ್ರಭುವಿನ ಪಾತ್ರೆಯನ್ನು ಕೊಡದೆ, ಪ್ರಭುವಿಗಾಗಿ ರಕ್ತವನ್ನು ಚೆಲ್ಲಿರೆಂದು ಕೇಳುವುದೆಂತು? 258ರಲ್ಲಿ ಸಿಪ್ರಿಯನ್ನನ ತಲೆಯೂ ಉರುಳಿತು.

ಪತಿತರ ಕುರಿತ ಈ ವಾದವು ನಡೆದಿದ್ದ ಕಾಲದಲ್ಲೇ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾದ ಡಯೊನೀಸಿಯಸ್ಸನು, ನೊವೇಶಿಯನ್ನನತ್ತ ವಾಲಿದ್ದ ಅಂತಿಯೋಕ್ಯದ ಧರ್ಮಾಧ್ಯಕ್ಷ ಫೇಬಿಯಸ್ಸನಿಗೆ ಒಬ್ಬ ಮುದುಕನ ಕಥೆಯನ್ನು ಬರೆದು ಕಳುಹಿದನು. ಸೆರಾಪಿಯೋನನೆಂಬ ಆತ ಬಹುಕಾಲ ನಿಷ್ಕಳಂಕನಾಗಿ ಬಾಳಿ, ಕಡೆಗೆ ಬಲಿಯಿಟ್ಟು ಬಿದ್ದವನು. ಎಷ್ಟು ಬೇಡಿಕೊಂಡರೂ ಯಾರೂ ಕಿವಿಗೊಟ್ಟಿರಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ, ಪ್ರಜ್ಞೆಯಿಲ್ಲದೆ ಮಲಗಿ, ನಾಲ್ಕನೆಯ ದಿನ ತುಸು ಚೇತರಿಸಿ, ಗುರುವನ್ನು ಕರೆತಾರೆಂದು ಮಗಳ ಮಗನನ್ನಟ್ಟಿದನು. ರಾತ್ರಿಯಾಗಿತ್ತು, ಗುರುವೂ ಹಾಸಿಗೆ ಹಿಡಿದಿದ್ದನು. ಸಾಯುವ ಹೊತ್ತಿನಲ್ಲಿ ಬೇಡಿದವರಿಗೆ ಇಲ್ಲವೆನ್ನಬಾರದೆಂಬ ಅಪ್ಪಣೆ ಮೊದಲೇ ಇದ್ದುದರಿಂದ, ಆತ ಪರಮಪ್ರಸಾದದ ಒಂದು ತುಣುಕನ್ನು ಹುಡುಗನ ಕೈಗಿತ್ತು, ನೆನೆಸಿ ಅಜ್ಜನ ಬಾಯಿಗೆ ಹಾಕೆಂದನು. ಹುಡುಗ ಹೊಸ್ತಿಲನ್ನು ದಾಟುವ ಮೊದಲೇ ಮುದುಕನು ಎಚ್ಚೆತ್ತು, ಬಂದೆಯಾ ಮಗು, ಹೇಳಿದುದನ್ನು ಬೇಗ ಮಾಡಿ ನನ್ನನ್ನು ಕಳುಹಿಸಿಕೊಡು ಎಂದನಂತೆ. ಹುಡುಗ ತುಣುಕನ್ನು ನೆನೆಸಿ ಬಾಯಿಗಿಟ್ಟನು. ಅಜ್ಜ ಅದನ್ನು ತುಸು ನುಂಗಿ, ಅಲ್ಲಿಯೇ ಪ್ರಾಣಬಿಟ್ಟನು.