ರಸ್ಟಿಲೈನ್

ರಸ್ಟ್ ಭಾಷೆಯಲ್ಲಿ ಬರೆದ ಪುಟ್ಟ ಲೈಬ್ರರಿ. ಟರ್ಮಿನಲ್‌ನಲ್ಲಿ ಟೈಪ್ ಮಾಡುತ್ತಿರುವ ಸಾಲನ್ನು ಎಂಟರ್ ಒತ್ತುವ ಮೊದಲೇ ತಿದ್ದುವುದು, ಬಾಣದ ಕೀಲಿಯಿಂದ ಹಳೆಯ ಕಮಾಂಡ್ ಮರಳಿ ತರುವುದು, ಟ್ಯಾಬ್ ಒತ್ತಿದಾಗ ಅರ್ಧಕ್ಕೆ ನಿಂತ ಪದವನ್ನು ತುಂಬುವುದು ಇದರ ಕೆಲಸ. ರಸ್ಟ್‌ನ 1.0 ಆವೃತ್ತಿ ಹೊರಬಂದ 2015ರಲ್ಲೇ ಇದೂ ಹುಟ್ಟಿತು.

ಸಾಲು ತಿದ್ದುವ ಅಗತ್ಯ ಇದಕ್ಕಿಂತ ಬಹಳ ಹಳೆಯದು. ಆರಂಭದ ಯೂನಿಕ್ಸ್ ಬಳಕೆದಾರರ ಮುಂದಿದ್ದುದು ಟೆಲಿಟೈಪ್. ಕಾಗದದ ಮೇಲೆ ಮೂಡಿದ ಅಕ್ಷರವನ್ನು ಅಳಿಸುವಂತಿರಲಿಲ್ಲ. # ಒತ್ತಿದರೆ ಹಿಂದಿನ ಅಕ್ಷರ ಲೆಕ್ಕಕ್ಕಿಲ್ಲ, @ ಒತ್ತಿದರೆ ಇಡೀ ಸಾಲೇ ರದ್ದು. ವಿಟಿ100ರಂಥ (1978) ಪರದೆಗಳು ಕರ್ಸರನ್ನು ಬೇಕಾದಲ್ಲಿಗೆ ಒಯ್ಯುವ ಸಂಕೇತಗಳನ್ನು ಬಳಕೆಗೆ ತಂದವು. ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ ಅವರ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ), ಸಾಲಿನೊಳಗೇ ಓಡಾಡಿ ತಿದ್ದುವ ಅನುಕೂಲವನ್ನು 1980ರ ದಶಕದಲ್ಲಿ ಕೊಟ್ಟಿತು. ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದ ಬ್ಯಾಶ್ ಶೆಲ್‌ನ ಜೊತೆ ಬೆಳೆದ ಗ್ನೂ ರೀಡ್‌ಲೈನ್, ಆ ಅನುಕೂಲವನ್ನು ಯಾವ ಪ್ರೋಗ್ರಾಮಿಗಾದರೂ ಜೋಡಿಸಬಹುದಾದ ಲೈಬ್ರರಿಯಾಗಿಸಿತು.

ರೀಡ್‌ಲೈನ್ ಪರವಾನಗಿಯ ಇತಿಹಾಸದಲ್ಲೂ ಒಂದು ಗುರುತು. ಅದನ್ನು ಜೋಡಿಸಿಕೊಂಡ ಪ್ರೋಗ್ರಾಂ ಕೂಡ ಮೂಲ ಕೋಡನ್ನು ಮುಕ್ತವಾಗಿಡಬೇಕೆನ್ನುವ ಜಿಪಿಎಲ್ ಪರವಾನಗಿಯ ಷರತ್ತಿಗೆ ಒಳಪಡಬೇಕೆಂಬುದು ಗ್ನೂ ಯೋಜನೆಯ ಸ್ಥಾಪಕ ರಿಚರ್ಡ್ ಸ್ಟಾಲ್ಮನ್ ಅವರ ಪಟ್ಟು. ಲಿಸ್ಪ್ ಭಾಷೆಯ ಸಿಲಿಸ್ಪ್ ಪ್ರೋಗ್ರಾಂ ಇದೇ ವಾದದ ಬಳಿಕ 1992ರಲ್ಲಿ ಜಿಪಿಎಲ್‌ಗೆ ಬದಲಾಯಿತು. ಆ ಷರತ್ತು ಬೇಡವೆಂದವರಿಗೆ ಬಿಎಸ್‌ಡಿ ಬಳಗದ ಲಿಬ್‌ಎಡಿಟ್ ಇತ್ತು.

ರೆಡಿಸ್ ಡೇಟಾಬೇಸ್‌ನ ಕರ್ತೃ, ಇಟಲಿಯ ಸಾಲ್ವಟೋರೆ ಸಾನ್‌ಫಿಲಿಪ್ಪೊ ಅವರಿಗೆ ಎರಡೂ ಭಾರವೆನಿಸಿದವು: ರೀಡ್‌ಲೈನ್ ಸುಮಾರು 30 ಸಾವಿರ ಸಾಲಿನದು, ಲಿಬ್‌ಎಡಿಟ್ 20 ಸಾವಿರದ್ದು. ಅವರು 2010ರಲ್ಲಿ ಸಿ ಭಾಷೆಯಲ್ಲಿ ಬರೆದ ಲೈನ್‌ನಾಯ್ಸ್ ಕೆಲವೇ ನೂರು ಸಾಲಿನದು. ರಸ್ಟಿಲೈನ್‌ಗೆ ಮಾದರಿ ಇದೇ. ಮುಂದೆ ಈಮ್ಯಾಕ್ಸ್ ಮತ್ತು ವಿಐ ಶೈಲಿಯ ಕೀಲಿಗಳು, ಹಿಂದಿನ ಕಮಾಂಡ್‌ಗಳಲ್ಲಿ ಹುಡುಕಾಟ, ವಿಂಡೋಸ್ ಬೆಂಬಲ ಸೇರುತ್ತ ಅದು ಮಾದರಿಗಿಂತ ದೊಡ್ಡದಾಯಿತು. ಜಾವಾಸ್ಕ್ರಿಪ್ಟ್ ನಡೆಸುವ ಡೆನೊ, ಪೈಥಾನ್ ನಡೆಸುವ ರಸ್ಟ್‌ಪೈಥಾನ್ ರಸ್ಟಿಲೈನನ್ನು ಬಳಸಿವೆ. ನುಶೆಲ್ ಎಂಬ ಶೆಲ್ ಇದರಿಂದ ಆರಂಭಿಸಿ, ಬಳಿಕ ತನ್ನದೇ ರೀಡ್‌ಲೈನ್ ಮಾದರಿಯ ಲೈಬ್ರರಿ ಕಟ್ಟಿಕೊಂಡಿತು.

ಕನ್ನಡಿಗರಿಗೆ ಮುಖ್ಯವಾದ ಹೆಜ್ಜೆ ಬೇರೆಯೇ. ಮೂಲ ಲೈನ್‌ನಾಯ್ಸ್ ಒಂದು ಬೈಟನ್ನು ಒಂದು ಅಕ್ಷರವೆಂದೇ ಎಣಿಸಿತು. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ 6 ಸಂಕೇತ, ಅಂದರೆ 18 ಬೈಟ್. ಬೈಟ್ ಲೆಕ್ಕದಲ್ಲಿ ಅಳಿಸಿದರೆ ಒಂದು ಬ್ಯಾಕ್‌ಸ್ಪೇಸ್‌ಗೇ ಅಕ್ಷರ ಒಡೆದುಹೋಗುತ್ತದೆ. ರಸ್ಟಿಲೈನ್ ಯೂನಿಕೋಡ್ ಹೇಳುವ ಅಕ್ಷರಗುಚ್ಛಗಳ ಲೆಕ್ಕ ಹಿಡಿಯುತ್ತದೆ.

ಆ ಲೆಕ್ಕವೂ ಕನ್ನಡದ ಒತ್ತಕ್ಷರಕ್ಕೆ ಪೂರ್ತಿ ಹೊಂದದು. ಹಲಂತ ಬಂದಲ್ಲಿ ಗುಚ್ಛ ಮುಗಿಯುವುದರಿಂದ ‘ಸ್ತ್ರೀ’ ಮೂರು ತುಂಡಾಗಿ, ಕರ್ಸರ್ ಒತ್ತುಗಳ ನಡುವೆ ನಿಲ್ಲುತ್ತದೆ. ಯೂನಿಕೋಡ್ 15.1 (2023) ಸಂಯುಕ್ತಾಕ್ಷರವನ್ನು ಒಂದೇ ಗುಚ್ಛವಾಗಿಸುವ ನಿಯಮ ತಂದಿತು. ಅದರ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಆ ನಿಯಮ ಅನುಸರಿಸುವ ಲೈಬ್ರರಿಯಲ್ಲಿ ಅಹಮದಾಬಾದ್, ಸೂರತ್‌ನವರು ಗುಜರಾತಿಯಲ್ಲಿ ಬರೆದ ‘ಸ್ತ್ರೀ’ಯನ್ನು ಕರ್ಸರ್ ಒಂದೇ ಜಿಗಿತದಲ್ಲಿ ದಾಟುತ್ತದೆ, ಕನ್ನಡದಲ್ಲಿ ಮೂರು ಬಾರಿ ಕೀಲಿ ಒತ್ತಬೇಕು.

ಕರ್ಸರ್ ವಿಷಯದಲ್ಲಿ ಇದು ನಿಜಕ್ಕೂ ಕೊರತೆ. ಅಳಿಸುವಾಗ ಮಾತ್ರ ತುಂಡಾಗುವುದೇ ಲೇಸು. ಗುಚ್ಛವೊಂದಕ್ಕೆ ಒಂದು ಬ್ಯಾಕ್‌ಸ್ಪೇಸ್ ಎಂದಾದರೆ, ದೀರ್ಘ ತಪ್ಪಿ ಹ್ರಸ್ವ ಬರೆದವರು ಗುಣಿತ ತಿದ್ದಲು ಅಕ್ಷರವನ್ನೇ ಮತ್ತೆ ಬರೆಯಬೇಕು. ಗುಜರಾತಿಯಲ್ಲಂತೂ ‘ಸ್ತ್ರೀ’ ಪೂರ್ತಿ ಹೋಗುತ್ತದೆ. ದಾಟಲು ಗುಚ್ಛ, ಅಳಿಸಲು ಸಂಕೇತ ಎಂಬ ಎರಡು ಅಳತೆ ಭಾರತೀಯ ಲಿಪಿಗಳಿಗೆ ಬೇಕು. ಟರ್ಮಿನಲ್‌ನ ಸಮ ಅಗಲದ ಚೌಕಗಳಲ್ಲಿ ಒತ್ತಕ್ಷರಕ್ಕೆ ಎಷ್ಟು ಚೌಕ ಎಂಬುದರಲ್ಲೂ ಒಮ್ಮತವಿಲ್ಲ. ಟರ್ಮಿನಲ್ ಒಂದು ಎಣಿಸಿ ಲೈಬ್ರರಿ ಇನ್ನೊಂದು ಎಣಿಸಿದರೆ, ಕರ್ಸರ್ ಮಿನುಗುವುದು ಒಂದು ಕಡೆ, ತಿದ್ದುಪಡಿ ಬೀಳುವುದು ಇನ್ನೊಂದು ಕಡೆ.